ಎಂದಿನ ಜಾಗ

"ಬೆಳಿಗ್ಗೆ ಆರಕ್ಕೆ, ಎಂದಿನ ಜಾಗದಿಂದ." ಹನ್ನೆರಡು ಗಂಟೆಗಳ ಬೆಟ್ಟದ ಸೈಕಲ್ ರೇಸಿನ ಪುಟದಲ್ಲಿ ಜಾಗದ ಬಗ್ಗೆ ಇದ್ದದ್ದು ಇಷ್ಟೇ. ಯಾರಿಗೆ ಎಂದಿನದು? ನಾನು ಹೆಸರು ಕೊಟ್ಟಿದ್ದೇ ಮೊದಲ ಸಲ. ಕೆಳಗೊಂದು ನಕ್ಷೆ, ನಕ್ಷೆಯಲ್ಲೊಂದು ಕೆಂಪು ಗುರುತು. ಅದನ್ನು ನಂಬಿ ಹೋದ ವರ್ಷ ನಾನೂ ನನ್ನ ಗಂಡನೂ ಹಳೇ ವ್ಯಾನಿಗೆ ಸೈಕಲ್ ಹೇರಿಕೊಂಡು ಹೊರಟೆವು. ಅದು ನಮ್ಮನ್ನು ತಂದು ನಿಲ್ಲಿಸಿದ್ದು ಊರ ನಡುವಿನ ಸ್ಟೇಷನರಿ ಅಂಗಡಿಯ ಮುಂದೆ. ಮಹಡಿಯ ಮೇಲೆ ಸೈಕಲ್ ಸಂಘದ ಕಚೇರಿ, ಅದಕ್ಕೆ ಬೀಗ. ಬೆಟ್ಟ ಅಲ್ಲಿಂದ ಇಪ್ಪತ್ತಾರು ಕಿಲೋಮೀಟರ್.

ಕಂಡಕಂಡವರನ್ನು ಕೇಳಿಕೊಂಡು ಬೆಟ್ಟದ ಬುಡ ತಲುಪಿದಾಗ ಏಳಕ್ಕೆ ಹತ್ತು ನಿಮಿಷ. ಸಂಘದ ಅಧ್ಯಕ್ಷರು ಗೇಟಿಗೆ ಅಡ್ಡ ನಿಂತು ಕೈಗಡಿಯಾರ ತೋರಿಸಿದರು. ಅವರು ನಿವೃತ್ತ ಸರ್ವೇಯರ್. ಎಲ್ಲರೂ ಅವರನ್ನು ದಿಕ್ಸೂಚಿ ಎಂದೇ ಕರೆಯುತ್ತಾರೆ, ಅವರಿಗೂ ಅದು ಇಷ್ಟ.

"ಗುರುತು ನಿಮ್ಮ ಆಫೀಸಿನ ಮೇಲಿದೆ ಸಾರ್," ಎಂದೆ.

"ನಕ್ಷೆ ಹಾಕೋ ಫಾರಂನಲ್ಲಿ ವಿಳಾಸ ಕೇಳಿದ್ರು, ಆಫೀಸಿಂದು ಕೊಟ್ಟೆ. ಗೊತ್ತಿರೋರಿಗೆ ಗೊತ್ತಿರುತ್ತೆ."

"ಗೊತ್ತಿಲ್ಲದೋರು ಏನು ಮಾಡ್ಬೇಕು?"

"ದಾರಿ ಹುಡುಕೋದೂ ರೇಸಿನ ಭಾಗಾನೇ ಅಲ್ವೇನಮ್ಮ?"

ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ಹೇಳಲು ಇವರಿಗೆ ನಾನೇ ಸಿಕ್ಕಿದೆನೇ? ಮೂವತ್ತೊಂದು ವರ್ಷ ಸೈಕಲ್ ಮೇಲೆ ಅಂಚೆ ಹಂಚಿದವಳು ನಾನು. "ಕೆಂಪು ಗೇಟು, ಮೇಷ್ಟ್ರಿಗೆ" ಎಂದಷ್ಟೇ ಬರೆದ ಕಾಗದವನ್ನೂ ಮುಟ್ಟಿಸಿದ್ದೇನೆ, ಅದೂ ಗೇಟಿಗೆ ಹಸಿರು ಬಣ್ಣ ಬಳಿದ ಮೇಲೆ. ಅಷ್ಟು ವರ್ಷ ಬೇರೆಯವರ ಹೆಸರುಗಳನ್ನು ಚೀಲದಲ್ಲಿ ಹೊತ್ತು ತಿರುಗಿ, ಒಂದೇ ಒಂದು ಸಲ ನನ್ನ ಹೆಸರೂ ಒಂದು ಪಟ್ಟಿಯಲ್ಲಿ ಅಚ್ಚಾಗಲಿ ಎಂದು ಆಸೆಪಟ್ಟಿದ್ದೆ. ರೇಸ್ ಮುಗಿಸಿದವರ ಪಟ್ಟಿ, ಇಷ್ಟು ಸುತ್ತು, ಇಷ್ಟು ಗಂಟೆ. ಐವತ್ತೆಂಟರ ಹೆಂಗಸಿಗೆ ಇದೇನು ಹುಚ್ಚು ಎನ್ನುವವರು ಅನ್ನಲಿ.

ವಾಪಸ್ ಬರುವಾಗ ವ್ಯಾನಿನಲ್ಲಿ ಬೇರೆ ರೇಸುಗಳ ಪುಟಗಳನ್ನೂ ತೆರೆದು ನೋಡಿದೆ, ಅಲ್ಲೂ ಜಾಗದ ಕಥೆ ಇಷ್ಟೇ. ನನ್ನ ಗಂಡ ದರ್ಜಿ, ಸ್ವಭಾವತಃ ಬಾಯಿಬಡುಕ, ದಾರಿಯುದ್ದಕ್ಕೂ ಸಂಘಕ್ಕೆ ಬೈದರು. ಮನೆಗೆ ಬಂದವಳೇ ಫೋನಿನಲ್ಲಿ ನನ್ನದೇ ಒಂದು ಪುಟ ತೆರೆದೆ. ಸುತ್ತಮುತ್ತ ನಡೆಯುವ ದೀರ್ಘ ಬೆಟ್ಟದ ರೇಸುಗಳು ಹನ್ನೆರಡು. ಒಂದೊಂದು ಎಲ್ಲಿ ಶುರುವಾಗುತ್ತದೆ, ಅಲ್ಲಿಗೆ ಹೋಗುವುದು ಹೇಗೆ ಎಂದು ಬರೆಯುವುದು, ಅಂಚೆಯವರು ಬದಲಿಗೆ ಬಂದವರಿಗೆ ತಾವು ಹಂಚುವ ಬೀದಿಗಳ ಬೀಟು ಒಪ್ಪಿಸುವಾಗ ಹೇಳುತ್ತಾರಲ್ಲ, ಹಾಗೆ.

ಆ ವರ್ಷದ ಶನಿವಾರಗಳೆಲ್ಲ ಅದಕ್ಕೇ ಹೋದವು. ನನ್ನ ಗಂಡ ಕತ್ತಿನಲ್ಲಿ ನೇತುಬಿಟ್ಟ ಟೇಪಿನಲ್ಲೇ ಗೇಟಿನ ಅಗಲ ಅಳೆದು, "ಸೊಂಟ ಎಂಬತ್ತೆಂಟು ಇಂಚು, ವ್ಯಾನ್ ಆರಾಮಾಗಿ ಹೋಗುತ್ತೆ," ಎನ್ನುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ದಿಕ್ಸೂಚಿಯವರ ರೇಸಿಗೆ ಹೀಗೆ ಬರೆದೆ: "ನೀರಿನ ಟ್ಯಾಂಕ್ ಆದ ತಕ್ಷಣ ಎಡಕ್ಕೆ. ಮೋರಿ ಸಿಕ್ಕಿತೋ, ಮುಂದೆ ಹೋಗಿಬಿಟ್ಟಿದ್ದೀರಿ, ಹಿಂದೆ ಬನ್ನಿ. ಸಂಘದ ನಕ್ಷೆಯ ಗುರುತನ್ನು ನಂಬಬೇಡಿ, ಅಲ್ಲಿ ಪೆನ್ನು ಸಿಗುತ್ತದೆ, ಬೆಟ್ಟ ಸಿಗುವುದಿಲ್ಲ. ಶೌಚಾಲಯ ಒಂದೇ, ಚಿಲಕ ಬೀಳುವುದಿಲ್ಲ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಫೋನಿಗೆ ಸಿಗ್ನಲ್ ಬೇಕಾದರೆ ಬಂಡೆ ಹತ್ತಿ."

ಹನ್ನೊಂದು ರೇಸುಗಳ ವಿವರ ಸೇರಿತು. ದಿಕ್ಸೂಚಿಯವರ ಸಂಘವೇ ನಡೆಸುವ ಕೆರೆಯ ರೇಸೊಂದು ಬಾಕಿ. ಅದರ ಜಾಗವನ್ನು ಆ ವರ್ಷ ಬದಲಾಯಿಸಿದ್ದರು, ಜಪ್ಪಯ್ಯ ಅಂದರೂ ಯಾರೂ ಬಾಯಿಬಿಡಲಿಲ್ಲ.

ಈ ವರ್ಷದ ಬೆಟ್ಟದ ರೇಸಿಗೆ ಮತ್ತೆ ಹೆಸರು ಕೊಟ್ಟಿದ್ದೆ. ಅದಕ್ಕೆ ಹತ್ತು ದಿನ ಇದೆ ಎನ್ನುವಾಗ ದಿಕ್ಸೂಚಿ ಫೋನ್ ಮಾಡಿದರು. "ಆ ಪುಟ ತೆಗೀರಿ. ಹೀಗೆ ಬರೆದ್ರೆ ಹಾದಿಬೀದಿಯೋರೆಲ್ಲ ಬರ್ತಾರೆ."

"ಬರ್ಲಿ ಅಂತಾನೇ ಬರ್ದಿರೋದು ಸಾರ್."

"ನಾಳೆ ಬೆಳಿಗ್ಗೆ ಒಳಗೆ ತೆಗೀದಿದ್ರೆ ಪಟ್ಟಿಯಿಂದ ನಿಮ್ಮ ಹೆಸರು ಹೊಡೆದುಹಾಕ್ತೀನಿ."

ನನ್ನ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ, "ಹತ್ತು ದಿನ ತೆಗೆದುಬಿಡು ಕಣೇ. ರೇಸ್ ಮುಗಿದ ಮೇಲೆ ಹಾಕ್ಕೊಂಡ್ರೆ ಆಯ್ತು. ಎರಡು ವರ್ಷ ಬೆವರು ಸುರಿಸಿದ್ದೀಯ," ಎಂದರು.

"ರೇಸ್ ಮುಗಿದ ಮೇಲೆ ದಾರಿ ಯಾರಿಗೆ ಬೇಕ್ರೀ?"

ಅವರು ಹೇಳಿದ್ದು ಸುಲಭದ ದಾರಿ, ನನಗೂ ಆಸೆಯಾಯಿತು. ಸುಳ್ಳೇಕೆ ಹೇಳಲಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಮುಖ ತೊಳೆದು ಬಂದು ಪುಟ ತೆರೆದರೆ ಒಬ್ಬಳು ನರ್ಸ್ ಬರೆದಿದ್ದಳು: "ಹೋದ ವರ್ಷ ನಾನೂ ಆ ಬೀಗದ ಮುಂದೆ ನಿಂತಿದ್ದೆ. ಈ ಸಲ ಬರುತ್ತೇನೆ." ಪುಟ ಇದ್ದ ಹಾಗೇ ಇತ್ತು. ನಾನು ಸುತರಾಂ ತೆಗೆಯಲಿಲ್ಲ. ಬೆಳಿಗ್ಗೆ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ರೇಸಿನ ದಿನ ಐದೂಕಾಲಿಗೇ ಬೆಟ್ಟದ ಬುಡದಲ್ಲಿದ್ದೆ. ಪ್ರತಿ ವರ್ಷ ಅವೇ ನಲವತ್ತು ಮುಖಗಳು ಇರುತ್ತಿದ್ದ ಜಾಗದಲ್ಲಿ ಇಪ್ಪತ್ತಮೂರು ಹೊಸಬರೂ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ದಿಕ್ಸೂಚಿ ಎಲ್ಲರಿಗೂ ನಂಬರ್ ಹಂಚಿದರು. ನನ್ನ ಮುಂದೆ ಬಂದಾಗ ಕೈ ಹಿಂದಕ್ಕೆ ಕಟ್ಟಿಕೊಂಡರು.

"ನಿಮಗೆ ನಂಬರ್ ಇಲ್ಲ."

"ಬೇಡ. ಈ ರಸ್ತೆ ಸಂಘದ್ದಲ್ಲವಲ್ಲ, ಎಲ್ಲರದೂ. ಎಲ್ಲರೂ ಹೋದ ಮೇಲೆ ಹೋಗ್ತೀನಿ, ಯಾರಿಗೂ ಅಡ್ಡ ಬರಲ್ಲ."

ಎಲ್ಲರ ಧೂಳು ಕುಡಿಯುತ್ತ ಕೊನೆಯವಳಾಗಿ ಹೊರಟೆ. ಒಂದು ಸುತ್ತಿಗೆ ಹದಿನಾಲ್ಕು ಕಿಲೋಮೀಟರ್, ಅರ್ಧ ಏರು. ನಾಲ್ಕನೇ ಸುತ್ತಿನಲ್ಲಿ ತೊಡೆ ಹಿಡಿದುಕೊಂಡಿತು, ಇಳಿದು ತಳ್ಳಿದೆ. ಆರನೆಯದರಲ್ಲಿ ದಿಕ್ಸೂಚಿಗೆ ಬಾಯಿತುಂಬ ಬೈದೆ, ಅದರಿಂದ ಒಂದು ಏರು ಮುಗಿಯಿತು. ಸಂಜೆ ಆರಕ್ಕೆ ಐದು ನಿಮಿಷವಿರುವಾಗ ಏಳನೇ ಸುತ್ತು ಮುಗಿಸಿ ಗೇಟಿನ ಹತ್ತಿರ ಇಳಿದೆ.

"ಏಳು ಸುತ್ತು," ಎಂದೆ.

"ದಾಖಲೆಯಲ್ಲಿಲ್ಲ," ಎಂದರು ದಿಕ್ಸೂಚಿ, ಪುಸ್ತಕದಿಂದ ತಲೆ ಎತ್ತದೆ.

"ಕಾಲಲ್ಲಿದೆ ಸಾರ್."

ನರ್ಸ್ ಕುಂಟುತ್ತ ಬಂದಳು. ಐದು ಸುತ್ತು ಮುಗಿಸಿದ್ದಳು, ಮುಖದ ತುಂಬ ಮಣ್ಣು, ನಗು. "ಅಕ್ಕಾ, ಮುಂದಿನ ತಿಂಗಳ ಕೆರೆ ರೇಸ್ ಎಲ್ಲಿಂದ ಶುರು? ನಿಮ್ಮ ಪುಟದಲ್ಲಿ ಅದೊಂದು ಖಾಲಿ ಇದೆ."

ನನಗೂ ಗೊತ್ತಿರಲಿಲ್ಲ. ಆದರೆ ಅಂಚೆ ಚೀಲ ಹೊತ್ತವರಿಗೆ ಒಂದು ವಿದ್ಯೆ ಗೊತ್ತಿರುತ್ತದೆ. ಇಂಥವರ ಮನೆ ಎಲ್ಲಿ ಎಂದು ಕೇಳಿದರೆ ಅಪರಿಚಿತರಿಗೆ ಯಾರೂ ಹೇಳುವುದಿಲ್ಲ. ತಪ್ಪು ಮನೆಯನ್ನು ಗಟ್ಟಿಯಾಗಿ ಹೇಳಿ ನೋಡಿ, ತಿದ್ದಲು ಬೀದಿಗೇ ಇಳಿದು ಬರುತ್ತಾರೆ. ಅಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಸಾಮಿಲ್ ದಾಟಿದ ಮೇಲೆ ಎರಡನೇ ತಿರುವು, ಬಲಕ್ಕೆ."

"ಎರಡನೇದಲ್ಲ!" ಜೀವಮಾನವಿಡೀ ಗಡಿ ಅಳೆದ ಮನುಷ್ಯ ಕುರ್ಚಿಯಿಂದ ಎದ್ದೇಬಿಟ್ಟರು. "ಮೂರನೇದು, ಎಡಕ್ಕೆ! ಪಂಪ್‌ಹೌಸ್ ಹಿಂದೆ. ಎರಡನೇದ್ರಲ್ಲಿ ಹೋದ್ರೆ ನೆಟ್ಟಗೆ ಕೆರೆಗೇ ಇಳೀತೀರಿ!"

ಜೇಬುಗಳಿಂದ ಫೋನುಗಳು ಹೊರಬಂದವು, ಹೊಸಬರೆಲ್ಲ ಬರೆದುಕೊಳ್ಳತೊಡಗಿದರು. ದಿಕ್ಸೂಚಿ ನಾಲಿಗೆ ಕಚ್ಚಿಕೊಂಡರು. ಮುಖ ಕೆಂಪಗಾಯಿತು.

"ಕೆರೆ ರೇಸಿಗೂ ನಿಮ್ಮ ಹೆಸರು ಹೊಡೆದುಹಾಕ್ತೀನಿ," ಎಂದರು.

ಆ ಪಟ್ಟಿಯ ಆಸೆ ಇನ್ನೂ ಸತ್ತಿರಲಿಲ್ಲ.

"ಹೊಡೆದುಹಾಕಿ," ಎಂದೆ. "ಪಂಪ್‌ಹೌಸ್ ಹತ್ರ ನಾಯಿ ಇದ್ಯಾ?"

ಅವರು ಆ ಕಡೆ ತಿರುಗಿಕೊಂಡರು. ಎರಡು ಹೆಜ್ಜೆ ಹೋದರು, ನಿಂತರು.

"ಎರಡಿವೆ," ಎಂದರು. "ಕರೀದು ಕಚ್ಚುತ್ತೆ."