ಶನಿವಾರ ಒಡೆಯುವ ಮೊಟ್ಟೆ

ಸೋಮವಾರ ಸಂಜೆ ವ್ಯಾನಿನಿಂದ ಇಳಿದ ಮೇಘನಾ ಬಾಗಿಲ ಹೊರಗೇ ನಿಂತುಬಿಟ್ಟಳು.

"ಬಾ ಒಳಕ್ಕೆ, ಸಾರು ಉಕ್ತಾ ಅದೆ," ಎಂದೆ.

"ಆಗಲ್ಲ ಅಮ್ಮ. ನಾನು ಈ ಬಾಗ್ಲಲ್ಲಿ ಇಡ್ಸಲ್ಲ."

ನನ್ನ ನಾಲ್ಕೂವರೆ ವರ್ಷದ ಮಗಳು ಅಂದು ಬೆಳಿಗ್ಗೆಯಿಂದ ಡೈನೋಸಾರ್ ಆಗಿದ್ದಳು. ಕೊಳ್ಳೇಗಾಲದ ಶಾಲೆಯಲ್ಲಿ ಅವಳ ಎಲ್‌ಕೆಜಿಗೆ ರತ್ನ ಮಿಸ್ ಆ ವಾರವಿಡೀ ಡೈನೋಸಾರ್ ಪಾಠ ಇಟ್ಟುಕೊಂಡಿದ್ದರು. ಕೊನೆಗೆ ನಮ್ಮತ್ತೆ ಸರಸ್ವತಮ್ಮ ಎದ್ದು ಹೋಗಿ, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ಅಗಲ ಮಾಡಿದಂತೆ ಮುಕ್ಕಿರಿದು, "ಈಗ ಬಾವ್ವ, ದೊಡ್ದು ಮಾಡಿವ್ನಿ," ಅಂದರು. ಮೇಘನಾ ಧಪ್ ಧಪ್ ಎಂದು ಒಳಗೆ ಬಂದಳು. ಸ್ಟ್ಯಾಂಡಿನ ಲೋಟಗಳೆಲ್ಲ ಅಲುಗಿದವು.

ನನಗೇನೂ ನಷ್ಟವಿರಲಿಲ್ಲ. ಅವಳು ಸೊಪ್ಪು ತಿನ್ನುವ ಜಾತಿಯ ಡೈನೋಸಾರ್. ಸೊಪ್ಪಿನ ಸಾರು ಕಂಡರೆ ಮುಖ ತಿರುಗಿಸುತ್ತಿದ್ದವಳು ಎರಡು ಸಲ ಹಾಕಿಸಿಕೊಂಡಳು. ನಷ್ಟವಾದದ್ದು ನನ್ನ ಗಂಡ ಶಿವರಾಜುಗೆ. ಮಂಗಳವಾರ ಬಚ್ಚಲಿನಿಂದ ಕೂಗು ಕೇಳಿಸಿತು.

"ಲೇ ಆಶಾ, ನನ್ ಟವಲ್ ಎಲ್ಲೇ?"

"ಅದು ಬಾಲ ಆಗಿ ಸ್ಕೂಲ್‌ಗೆ ಓಗ್ಯದೆ ಕಣ್ರಿ!"

ಬುಧವಾರ ಮಧ್ಯಾಹ್ನ ನಾನು ಹುಳು ಮನೆ ತೊಳೆಯುತ್ತಿದ್ದೆ. ಧನಗೆರೆಯಲ್ಲಿ ನಾವು ರೇಷ್ಮೆಹುಳು ಸಾಕುವವರು. ಭಾನುವಾರವಷ್ಟೇ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಂದ ಗೂಡು ಬಿಡಿಸಿದ್ದೆವು, ಸೋಮವಾರ ಅಷ್ಟೂ ಮಾರುಕಟ್ಟೆಗೆ ಹೋಗಿತ್ತು. ಪೊರಕೆ ಕೈಯಲ್ಲಿದ್ದಾಗಲೇ ಫೋನು ಬಂತು.

"ಮೇಘನಾ ಅಮ್ಮ, ನಿಮ್ಮ ಮಗಳು ಮೂರು ಡೈನೋಸಾರ್ ಮೊಟ್ಟೆ ತಂದಿದಾಳೆ," ಎಂದರು ರತ್ನ ಮಿಸ್. ಅವರ ದನಿಯಲ್ಲಿ ನಗು ತುಳುಕುತ್ತಿತ್ತು. "ರೇಷ್ಮೆಗೂಡು! ಶನಿವಾರ ಒಡೆಯುತ್ತೆ, ಮರಿ ಆಚೆ ಬರುತ್ತೆ ಅಂತ ಕ್ಲಾಸಿಗೆಲ್ಲ ಹೇಳ್ಬಿಟ್ಟಿದಾಳೆ. ಇಪ್ಪತ್ತೆರಡು ಮಕ್ಕಳು ಊಟ ಬಿಟ್ಟು ಕಾವು ಕೊಡ್ತಿದಾರೆ."

"ಅಯ್ಯೋ, ಮೇಲೆ ಕೂತ್ಕಂಡಾ ಮಿಸ್?"

"ಇಲ್ಲ, ಸರದಿ ಮೇಲೆ ಬಿಸಿ ಉಸಿರು ಊದ್ತಿದಾರೆ. ಒಬ್ಬ ಉಗುಳಿಬಿಟ್ಟ, ಒರೆಸಿದ್ವಿ."

ನಾನು ತೊಟ್ಟಿಯ ಕಟ್ಟೆ ಮೇಲೆ ಕೂತು ನಕ್ಕೆ. ಆದರೆ ಸಂಜೆ ವ್ಯಾನಿನಿಂದ ಇಳಿದವಳು ಧಪ್ ಧಪ್ ಎನ್ನಲಿಲ್ಲ. ಬಾಲ ಕೈಯಲ್ಲಿತ್ತು.

"ಮಾದೇಶ ನನ್ನ ಸುಳ್ಳಿ ಅಂತಾನೆ ಅಮ್ಮ. ಅವ್ರಪ್ಪ ಮಗ್ಗದಲ್ಲಿ ಸೀರೆ ನೇಯ್ತಾರಂತೆ. ಗೂಡಲ್ಲಿ ಬರೀ ದಾರ ಇರ್ತದೆ, ಏನೂ ಆಚೆ ಬರಲ್ಲ ಅಂದ. ಶನಿವಾರ ಒಡೀದಿದ್ರೆ ಎಲ್ರೂ ನನ್ನ ಸುಳ್ಳಿ ಅಂತ ಕರೀಬೇಕಂತೆ." ಕೆಳತುಟಿ ನಡುಗಿತು. "ಒಡೀದಿದ್ರೆ ನಾನು ಸ್ಕೂಲ್‌ಗೇ ಓಗಲ್ಲ."

"ಅದು ಡೈನೋಸಾರ್ ಮೊಟ್ಟೆ ಅಂತ ನಿಂಗ್ಯಾರು ಹೇಳಿದ್ದು ಕಂದ?"

ಅವಳ ಲೆಕ್ಕ ಅವಳದು. ಭಾನುವಾರ ಗೂಡು ಬಿಡಿಸುವಾಗ, ಯಾಕಿಷ್ಟು ಅವಸರ ಎಂದು ಅಪ್ಪನನ್ನು ಕೇಳಿದ್ದಳಂತೆ. "ಬಿಟ್ರೆ ಶನಿವಾರಕ್ಕೆಲ್ಲ ಒಡ್ಕಂಡು ಆಚೆ ಬಂದ್ಬುಡ್ತದೆ," ಅಂದಿದ್ದರಂತೆ ಅವರು. ಅಪ್ಪ ಹೇಳಿದ ಮೇಲೆ ಮುಗಿಯಿತು. ಮೂರು ಗೂಡು ಜೇಬಿಗೆ ಹೋಗಿದ್ದವು. ಇನ್ನು ಉಳಿದದ್ದೆಲ್ಲ ರತ್ನ ಮಿಸ್ ಡೈನೋಸಾರ್ ಬಗ್ಗೆ ಹೇಳಿದ ಹಾಗೇ ಇತ್ತು. ಹುಳು ಹೊತ್ತುಹೊತ್ತಿಗೂ ಸೊಪ್ಪು ತಿನ್ನುತ್ತದೆ, ಚರ್ಮ ಬಿಡುತ್ತದೆ, ದಿನದಿನಕ್ಕೂ ದಪ್ಪವಾಗುತ್ತದೆ. ಮೊಟ್ಟೆಯೊಳಗೆ ಸೇರಿಕೊಂಡ ಮೇಲೆ ಇನ್ನೇನಾಗಬೇಕು ಅದು?

"ಚಿಟ್ಟೆ ಆಯ್ತದೆ ಕಣೋ ಚಿನ್ನ," ಎಂದೆ.

"ನೀನು ನೋಡಿದ್ಯಾ?"

ಈ ಮನೆಗೆ ಬಂದು ಎಂಟು ವರ್ಷ. ಸಾಸಿವೆಯಷ್ಟಿದ್ದ ಮರಿಗೆ ಸೊಪ್ಪು ಹೆಚ್ಚಿ ಹಾಕಿದ್ದೇನೆ, ಹಣ್ಣಾಗಿ ಗೂಡು ಕಟ್ಟಲು ತಯಾರಾದ ಹುಳುವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಟ್ಟಿದ್ದೇನೆ. ಅಲ್ಲಿಂದಾಚೆಗೆ ಗೂಡು ಚೀಲ ಸೇರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬರುವುದಿಲ್ಲ, ಅದಕ್ಕೇ ಯಾರೂ ಕಾಯುವುದಿಲ್ಲ. ಒಂದೇ ಒಂದು ಚಿಟ್ಟೆ ಆಚೆ ಬಂದದ್ದನ್ನು ನಾನು ಕಂಡಿರಲಿಲ್ಲ.

"ನಾನ್ ನೋಡಿವ್ನಿ," ಎಂದರು ಅತ್ತೆ, ರಾಗಿ ಕೇರುತ್ತಾ. "ಮದ್ವೆಯಾದ ಒಸ್ದ್ರಲ್ಲಿ ಮೊರದ ಸಂದೀಲಿ ಒಂದು ಉಳ್ಕಂಡಿತ್ತು. ಬೆಳ್ಳಗೆ, ಮೈತುಂಬ ಜುಂಗು. ರೆಕ್ಕೆ ಇದ್ರೂವೆ ಆರಕ್ಕೆ ಬರಲ್ಲ ಅದ್ಕೆ, ಪಟಪಟ ಅಂತ ಕುಣೀತದೆ ಅಷ್ಟೇಯ."

ಮೇಘನಾ ಕಣ್ಣರಳಿಸಿದಳು. "ಕುಣೀತದಾ?"

ಗುರುವಾರ, ಶುಕ್ರವಾರ ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಹುಳು ಚಂದ್ರಿಕೆ ಹತ್ತಿದ್ದು ಯಾವತ್ತು ಎಂದು ಶಿವರಾಜು ಬೆರಳು ಮಡಿಸಿ ಎಣಿಸಿದರು. "ಶನಿವಾರಕ್ಕೆ ಅನ್ನೆರಡು ದಿನ ಆಯ್ತದೆ. ಬಂದ್ರೆ ಬಂತು, ಇಲ್ದಿದ್ರೆ ಇಲ್ಲ."

"ಬರಲೇಬೇಕು ಕಣ್ರಿ," ಎಂದೆ. "ಬಾಯಿ ಬಿಟ್ಟೋರು ನೀವು."

"ನಾನೇನು ಒಳಗ್ ಓಗಿ ಎಬ್ಬಿಸ್ಲಾ?"

ಡೈನೋಸಾರ್ ವಾರದ ಕೊನೆಯ ದಿನವೆಂದು ಶನಿವಾರ ಬೆಳಿಗ್ಗೆ ಅಪ್ಪಅಮ್ಮಂದಿರೂ ಶಾಲೆಗೆ ಬರಬೇಕಿತ್ತು. ಮುದ್ದೆ ಮಾಡಿಟ್ಟು, ಪಾತ್ರೆ ಹಾಗೇ ಬಿಟ್ಟು ವ್ಯಾನ್ ಹತ್ತಿದೆ. ತರಗತಿಯ ನಡುವೆ ಹತ್ತಿ ಹಾಸಿದ ತಟ್ಟೆ, ಸುತ್ತ ಇಪ್ಪತ್ತೆರಡು ಬಾಲಗಳು. ಉಳಿದವರದು ರಟ್ಟಿನದು, ಮೇಘನಾದು ಮಾತ್ರ ಟವಲು. ಮಾದೇಶ ಎಲ್ಲರಿಗಿಂತ ಮುಂದೆ ಮೊಣಕಾಲೂರಿದ್ದ.

ಗೂಡುಗಳು ಸುಮ್ಮನೆ ಬಿದ್ದಿದ್ದವು. ಮೇಘನಾ ನನ್ನ ಕಡೆ ನೋಡಿದಳು. ನಾನು ತಟ್ಟೆಯತ್ತ ಬಗ್ಗಿದೆ.

"ಸುಳ್..." ಎಂದು ಶುರು ಮಾಡಿದ ಮಾದೇಶ ಅಲ್ಲಿಗೇ ನಿಲ್ಲಿಸಿದ. "ಮಿಸ್! ಮೊಟ್ಟೆ ಉಚ್ಚೆ ಒಯ್ಕತಾ ಅದೆ!"

ನಿಜವೇ. ಒಂದು ಗೂಡಿನ ತುದಿ ಒದ್ದೆಯಾಗಿತ್ತು. ಆ ಒದ್ದೆ ಮೆತ್ತಗಾಗಿ, ನೂಲು ಸರಿದು, ಬಾಚಣಿಗೆಯಂಥ ಎರಡು ಮೀಸೆ ಆಚೆ ಬಂದವು. ಆಮೇಲೆ ಕರೀ ಕಣ್ಣು. ಮುದುರಿದ ರೆಕ್ಕೆಯ ಬಿಳೀ ಜುಂಗಿನ ಪ್ರಾಣಿಯೊಂದು ಪೂರ್ತಿ ಹೊರಬಂದು, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಪಟಪಟನೆ ಕುಣಿಯತೊಡಗಿತು.

"ಇದು ರೇಷ್ಮೆ ಚಿಟ್ಟೆ, ಮಕ್ಕಳೇ," ಎಂದರು ರತ್ನ ಮಿಸ್ ಮೆಲ್ಲಗೆ. "ಡೈನೋಸಾರ್ ಅಲ್ಲ. ಆದರೆ ಇದನ್ನ ನಾನೂ ಇವತ್ತೇ ನೋಡ್ತಿರೋದು."

ಮೇಘನಾಳ ಕೆಳತುಟಿ ಇನ್ನೇನು ಹೊರಬರಬೇಕು, ಮಾದೇಶ ಎದ್ದು ನಿಂತ.

"ಒಡೀತದೆ ಅಂದ್ಲು, ಒಡೀತು ಅಲ್ವಾ ಮಿಸ್? ಒಳಗೆ ಅದೆ ಅಂದ್ಲು, ಇತ್ತು! ನಮ್ಮಪ್ಪಂಗೇ ಗೊತ್ತಿಲ್ಲ ಕಣಮ್ಮಿ ಇದು!"

ಇಪ್ಪತ್ತೆರಡು ಬಾಲಗಳು ಒಟ್ಟಿಗೆ ಎಗರಿದವು. ಧಪ್ ಧಪ್ ನಿಂತು ಪಟಪಟ ಶುರುವಾಯಿತು. ಗೋಡೆಗೆ ಅಂಟಿಸಿದ್ದ ಡೈನೋಸಾರ್ ಚಿತ್ರಗಳು ಗಾಳಿಗೆ ಹಾರಾಡಿದವು. ಕುಣಿಯುತ್ತಿದ್ದವರ ನಡುವೆ ರತ್ನ ಮಿಸ್ ಕೂಡ ಇದ್ದರು.

ಮನೆಗೆ ಬಂದು ನಾನು ಪಾತ್ರೆಗೆ ಕೈ ಹಾಕಿದ್ದೆ. ಮೇಘನಾ ಒಳಗಿನ ಕೋಣೆ ಸೇರಿ ಬಾಗಿಲು ಎಳೆದುಕೊಂಡಳು.

"ಅಜ್ಜೀ, ಬಾಗ್ಲಿಗೆ ನೀರಾಕು!"

"ಯಾಕವ್ವ?"

"ಒದ್ದೆ ಆಗ್ದೆ ನಾನ್ ಎಂಗ್ ಆಚೆ ಬರ್ಲಿ?"

ಅತ್ತೆ ಚೊಂಬು ಹಿಡಿದು ಎದ್ದರು.