ಹೋದ ವರ್ಷದ ಸ್ಕರ್ಟು

ಮಗು ತುರಿಸಿಕೊಂಡರೆ ನೆರೆಹೊರೆಯವರೆಲ್ಲ ಡಾಕ್ಟರಾಗುತ್ತಾರೆ. ಕೊಂಢವಾ ಬಡಾವಣೆಯ ಪಾರವ್ವನಿಗಂತೂ ಯಾರ ಸಲಹೆಯೂ ಬೇಕಿರಲಿಲ್ಲ. ಮಗ ಸೊಸೆ ಕೆಲಸಕ್ಕೆ ಹೋಗುವವರು, ಅಡುಗೆಮನೆ ಅವಳದೇ ರಾಜ್ಯ.

ಮೊಮ್ಮಗಳು ಶೀತಲ್‌ಗೆ ಏಳು ವರ್ಷ. ಮೊಣಕೈ, ಮೊಣಕಾಲಿನ ಸಂದಿಗಳನ್ನು ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದಳು. ಹೋದ ವರ್ಷ ಮೇ ತಿಂಗಳಲ್ಲಿ ಡಾಕ್ಟರು ಎಕ್ಸಿಮಾ ಎಂಬ ಚರ್ಮದ ತೊಂದರೆ ಎಂದರು, ಮುಲಾಮು ಕೊಟ್ಟರು, ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ‘ಐಜಿಇ’ ಎಂಬ ಅಲರ್ಜಿಯ ಅಂಶದ ಮುಂದೆ ಮೇಲ್ಮುಖದ ಬಾಣವಿತ್ತು.

"ರಕ್ತದಾಗ ನಂಜು ಏರ್ಯದ," ಎಂದು ಪಾರವ್ವ ತೀರ್ಪು ಕೊಟ್ಟಳು. ಮೊದಲು ಹಾಲು ಮೊಸರು ನಿಂತವು, ಆಮೇಲೆ ಶೇಂಗಾ, ಆಮೇಲೆ ಗೋಧಿ. ಪಂಚಮಿಗೆ ಮನೆಮಂದಿಯೆಲ್ಲ ಶೇಂಗಾ ಉಂಡಿ ತಿಂದರೆ ಶೀತಲ್‌ಗೆ ಬರೀ ಚುರುಮುರಿ.

"ಆಯಿ, ವಾಸನಿ ಅಷ್ಟ ನೋಡ್ತೀನಿ," ಎಂದಿತ್ತು ಮಗು. ಪಾರವ್ವ ಡಬ್ಬಿ ತೆರೆದು ಮೂಸಲು ಕೊಟ್ಟಿದ್ದಳು. ತುರಿಕೆ ಮಾತ್ರ ಹೋಗಲಿಲ್ಲ.

ಈ ಜೂನ್‌ನಲ್ಲಿ ಶಾಲೆ ಶುರುವಾದಾಗ ಪಾರವ್ವ ಪಕ್ಕದ ಮನೆಯ ವಸಂತಿಯ ಮುಂದೆ ಜಂಬದಿಂದ ಹೇಳಿದಳು: "ನೋಡ, ಹೋದ ವರ್ಷದ ಸ್ಕರ್ಟ ಇನ್ನೂ ಬರೋಬ್ಬರಿ ಬರ್ತದ!"

ವಸಂತಿ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ಅವಳು ನಗಲಿಲ್ಲ.

"ಮಾವಶಿ, ಅಂದ್ರ ವರ್ಷದಾಗ ಹುಡುಗಿ ಬೆಳದಿಲ್ಲಲ್ರಿ. ಏನು ತಿನ್ನಲಿಕ್ಕೆ ಕೊಡ್ತೀರಿ?"

ಪಾರವ್ವ ನಿಲ್ಲಿಸಿದ್ದನ್ನೆಲ್ಲ ಹೇಳಿದಳು. "ಮತ್ತ ರಿಪೋರ್ಟಿನಾಗ ಬಾಣ ಮ್ಯಾಲ ಹೋಗ್ಯದಲ್ಲ!"

"ಮೈಯೊಳಗಿನ ಕಾವಲು ಭಾಳ ಎಚ್ಚರ ಆಗ್ಯದ ಅಂತ ಅಷ್ಟ ಅದು ಹೇಳ್ತದ್ರಿ. ಯಾವ ತಿನಿಸಿನಿಂದ ಅಂತ ಹೇಳಂಗಿಲ್ಲ. ಇಂಥಾ ಚರ್ಮ ಇದ್ದ ಭಾಳ ಮಂದಿಗೆ ಅದು ಏರೇ ಇರ್ತದ. ನಂಜಲ್ಲ, ಅಂಟುರೋಗಾನೂ ಅಲ್ಲ. ಮುಲಾಮು ಹಚ್ಚೀರೇನು?"

"ಒಳಗಿನ ನಂಜಿಗೆ ಮ್ಯಾಲ ಹಚ್ಚಿ ಏನಾಗ್ತದ ಅಂತ..." ಪಾರವ್ವ ಮುಲಾಮಿನ ಟ್ಯೂಬು ತಂದು ನೋಡಿದಳು. ಅದು ಅರ್ಧವೂ ಮುಗಿದಿರಲಿಲ್ಲ. ಸ್ಕರ್ಟಿನ ಅಂಚು ಹಿಡಿದುಕೊಂಡೇ ಕುಳಿತಳು. "ಕೂಸಿಗೆ ನನ್ನ ಕೈಯಾರೆ ಉಪವಾಸ ಹಾಕಿದೆನಲ್ಲೇ! ಇವತ್ತ ಎಲ್ಲಾ ಕೊಡ್ತೀನಿ."

"ಗಡಿಬಿಡಿ ಮಾಡಬ್ಯಾಡ್ರಿ. ಇಷ್ಟು ದಿನ ಬಿಟ್ಟಿದ್ದನ್ನ ಒಮ್ಮೆಲೇ ಕೊಟ್ರ ಕೆಲವು ಮಕ್ಕಳಿಗೆ ಅಪಾಯ ಆಗ್ತದ. ಡಾಕ್ಟರನ್ನ ಕೇಳಿ ಒಂದೊಂದ ಶುರು ಮಾಡ್ರಿ."

ಹಾಗೇ ಮಾಡಿದರು. ಮುಲಾಮಿನಿಂದ ಚರ್ಮ ತಣ್ಣಗಾಯಿತು, ಹಾಲು ಗೋಧಿ ಮರಳಿದವು. ಶೇಂಗಾ ಮಾತ್ರ ಆಸ್ಪತ್ರೆಯಲ್ಲೇ ಕೊಟ್ಟು ನೋಡೋಣ ಎಂದರು ಡಾಕ್ಟರು.

ಅದಿನ್ನೂ ಬಾಕಿ ಇದ್ದುದರಿಂದ ಈ ಪಂಚಮಿಗೆ ಪಾರವ್ವ ಎಲ್ಲರಿಗೂ ರವೆ ಉಂಡಿಯನ್ನೇ ಕಟ್ಟಿದಳು. ಡಬ್ಬಿಯನ್ನು ಮೊದಲು ಶೀತಲ್‌ಗೆ ಕೊಟ್ಟಳು. ಮಗು ಮುಚ್ಚಳ ತೆಗೆದು ಮೂಸಿತು, ಮುಚ್ಚಿ ವಾಪಸು ಕೊಟ್ಟಿತು.

"ಸಾಕು, ಆಯಿ."

"ತಿನ್ನು, ನನ್ನವ್ವಾ. ನಿನಗಂತನ ಮಾಡೇನಿ," ಎನ್ನುವಾಗ ಪಾರವ್ವನಿಗೆ ಅಳು ತಡೆಯಲಾಗಲಿಲ್ಲ.

ತಾಯಂದಿರೇ, ಅಜ್ಜಿಯಂದಿರೇ, ರಿಪೋರ್ಟಿನ ಬಾಣ ನೋಡಿ ಮಗುವಿನ ತಟ್ಟೆಗೆ ಕೈ ಹಾಕಬೇಡಿ. ಡಾಕ್ಟರನ್ನು ಕೇಳಿ. ಅವರು ಹೇಳಿದಷ್ಟು ದಿನ ಮುಲಾಮು ಹಚ್ಚಿ. ಹೋದ ವರ್ಷದ ಬಟ್ಟೆ ಮಗುವಿಗೆ ಇನ್ನೂ ಸರಿಹೋಗುತ್ತಿದ್ದರೆ ಖುಷಿಪಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.