ಕಾಕಂಬಿ ಬೆರೆಸಿದ ಹುಲ್ಲುಬೀಜ

ಹೆಂಡತಿ ಸುಗಂಧಾ ತೀರಿಕೊಂಡ ಮೇಲೆ ದುರಗಪ್ಪನ ಬಾಯಿಗೆ ಬೀಗ ಬಿತ್ತು ಅಂತ ಓಣಿಯವರು ಆಡಿಕೊಳ್ಳುತ್ತಿದ್ದರು. ಅದು ಖರೆಯಲ್ಲ. ಮಾತು ಬೇಕಾದಷ್ಟಿತ್ತು, ಅವನು ಅದನ್ನೆಲ್ಲ ಹಳ್ಳದ ದಂಡೆಯಲ್ಲಿ ಖರ್ಚು ಮಾಡಿ ಬರುತ್ತಿದ್ದ, ಅಷ್ಟೇ. ನೀರಾವರಿ ಕೆಲಸದಲ್ಲಿ ಪಂಪು ನಡೆಸುವ ನೌಕರಿ ಅವನದು. ಸಂಜೆ ಕೆಲಸ ಬಿಟ್ಟವನೇ ಸೈಕಲ್ಲನ್ನು ಜಾಲಿಗಿಡಕ್ಕೆ ಆನಿಸಿ, ಅವಳಿಗೆ ಮಣ್ಣು ಕೊಟ್ಟ ಜಾಗದ ಪಕ್ಕ ಕುಕ್ಕರಗಾಲಲ್ಲಿ ಕೂತು, ಇವತ್ತು ಯಾವ ಸಾಹೇಬರು ಬಂದಿದ್ದರು, ಯಾವ ಪಂಪು ಕೈಕೊಟ್ಟಿತು, ಅತ್ತೆ ಅಕ್ಕುತಾಯಿ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದ್ದು, ಎಲ್ಲ ವರದಿ ಒಪ್ಪಿಸುತ್ತಿದ್ದ. ಆಮೇಲೆ ಮನೆಗೆ ಬಂದು ಸುಮ್ಮನೆ ಉಣ್ಣುತ್ತಿದ್ದ.

ದಿಗ್ಗೇವಾಡಿಯಿಂದ ಚಿಂಚಲಿಗೆ ಹೋಗುವ ದಾರಿಯಲ್ಲಿ ಒಳಗೆ ಸರಿದರೆ ಅವರ ವಸ್ತಿ ಸಿಗುತ್ತದೆ. ಸಮತಟ್ಟಾದ ನೆಲವೆಲ್ಲ ಕಬ್ಬಿಗೆ. ಹೊಲ ಇದ್ದವರ ಮಸಣ ಎತ್ತರದ ಮಾಳದ ಮೇಲೆ, ಬೇವಿನ ಗಿಡಗಳ ನೆರಳಲ್ಲಿ. ಕೂಲಿಯವರ ಓಣಿಗೆ ಅಂತ ಬಿಟ್ಟಿದ್ದು ಮಾತ್ರ ಹಳ್ಳದ ದಂಡೆಯ ಒಂದು ತುಂಡು ಎರಿ ನೆಲ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವಂಥದ್ದು. ಬದುಕಿದವರಿಗೆ ಬೇಡವಾದದ್ದನ್ನು ಸತ್ತವರಿಗೆ ಕೊಟ್ಟಿದ್ದರು. ಯಾರೂ ತಕರಾರು ಮಾಡಿರಲಿಲ್ಲ, ಯಾಕೆಂದರೆ ಕೇಳುವವರು ಯಾರೂ ಇರಲಿಲ್ಲ.

ತೊಂಬತ್ನಾಲ್ಕರ ಬೇಸಿಗೆಯಲ್ಲಿ ಕಾಲುವೆ ಬಂತು. ಯಂತ್ರಗಳು ಮಸಣದ ಒಂದು ಮಗ್ಗಲನ್ನು ಎರಡಾಳು ಆಳ ಕೊರೆದುಕೊಂಡು ಹೋದವು. ಕೊರೆದ ಅಂಚಿನಿಂದ ಸುಗಂಧಾಳ ಸಮಾಧಿಗೆ ನಾಲ್ಕೇ ಹೆಜ್ಜೆ. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಿದ್ದು, ಅರ್ಧ ತಾಸಿನಲ್ಲಿ ಒಂದು ಹೆಜ್ಜೆ ನೆಲ ಕುಸಿದು ಕೆಳಗೆ ಬಿತ್ತು. ಉಳಿದದ್ದು ಮೂರು.

ಮರುದಿನವೇ ಓಣಿಯ ಹಿರಿಯ ರಾಜಾರಾಮ ತನ್ನ ತಂದೆಯ ಎಲುಬು ತೆಗೆದು ಬಿಳಿ ಅರಿವೆಯಲ್ಲಿ ಕಟ್ಟಿ, ಮೇಲಿನ ಬಂಜರಿನಲ್ಲಿ ಹೊಸದಾಗಿ ಹೂಳಿದ. ಅವನನ್ನು ನೋಡಿ ಇನ್ನೂ ನಾಲ್ಕು ಮನೆಯವರು ಹಾಗೇ ಮಾಡಿದರು. ಸುಗಂಧಾಳ ತಾಯಿ ಅಕ್ಕುತಾಯಿ ದುರಗಪ್ಪನಿಗೆ ಬರೀ ಅತ್ತೆಯಲ್ಲ, ಅಪ್ಪನ ಖಾಸಾ ತಂಗಿ. ಅವನನ್ನು ಎತ್ತಿ ಆಡಿಸಿದವಳು, ಹಾಗಾಗಿ ಏಕವಚನದಲ್ಲೇ ಜಬರಿಸುತ್ತಿದ್ದಳು.

"ಲೇ ದುರಗಾ, ಎಲ್ಲಾರೂ ತಮ್ಮ ತಮ್ಮವರನ್ನ ಮ್ಯಾಲ ಒಯ್ಯಾಕತ್ತಾರ. ನಾವೂ ಒಯ್ಯೂಣಲೇ. ನನ್ನ ಮಗಳು ನೀರಾಗ ಹೋಗೂದು ಬ್ಯಾಡ."

"ಎಬ್ಬಿಸೂದು ಬ್ಯಾಡ ಅತ್ತಿ. ಕಾಮಣಿ ಬ್ಯಾನ್ಯಾಗ ಮೂರು ತಿಂಗಳ ಕಣ್ಣು ಮುಚ್ಚಿಲ್ಲಾಕಿ. ಈಗರ ಮಲಗ್ಯಾಳ. ಆ ಇಳಿಜಾರಿಗೆ ಹುಲ್ಲು ಬರತೈತಿ, ಮಣ್ಣು ಹಿಡಿತೈತಿ. ನಾನ ನನ್ನ ಕೈಲೇ ಕಲಸ್ತೀನಿ."

"ಹುಲ್ಲು ಹಿಡಿತೈತಿ? ಅಷ್ಟು ದೊಡ್ಡ ದಂಡಿನ್ನ?"

"ಸಾಹೇಬ್ರು ಹೇಳ್ಯಾರ ಅತ್ತಿ."

ಮಲಗಿದವಳನ್ನು ಎಬ್ಬಿಸಬಾರದು ಅಂದದ್ದು ಮಾತಿಗೆ. ಒಳಗಿನ ಸಂಗತಿ ಬೇರೆ. ಹಸಿರು ಇಳಕಲ್ ಸೀರೆ ಉಡಿಸಿ, ಕೈತುಂಬ ಬಳೆ ಇಟ್ಟು, ಹಣೆಗೆ ಕುಂಕುಮ ಹಚ್ಚಿ ಕಳಿಸಿದವಳನ್ನು ಎಲುಬಾಗಿ ನೋಡುವ ಧೈರ್ಯ ಅವನಿಗಿರಲಿಲ್ಲ. ಅಕ್ಕುತಾಯಿ ಅವನ ಮುಖವನ್ನೇ ನೋಡಿ, "ಹಂಗಾರ ನಿನ್ನ ಮ್ಯಾಲ ಬಿಟ್ಟೀನಿ" ಎಂದಳು. ಆ ಮಾತನ್ನು ದುರಗಪ್ಪ ಬಹಳ ಹಗುರಾಗಿ ಹೊತ್ತುಕೊಂಡ.

ಸಾಹೇಬರೆಂದರೆ ಭೀಮಗೊಂಡ ಸಾಹೇಬರು, ಹೊಸದಾಗಿ ಬಂದ ತರುಣ ಇಂಜಿನಿಯರು. ಪುಣೆಯ ಕಡೆ ಎಲ್ಲೋ ತರಬೇತಿಯಲ್ಲಿ ನೀರಿನಿಂದ ಬಿತ್ತುವ ವಿದ್ಯೆ ಕಲಿತು ಬಂದಿದ್ದರು. ನೆಟ್ಟಗೆ ಕೊರೆದ ಇಳಿಜಾರಿನ ಮೇಲೆ ಕೂರಿಗೆ ಹೊಡೆಯಲಾಗುವುದಿಲ್ಲ, ಕೈಯಿಂದ ಚೆಲ್ಲಿದ ಬೀಜ ಕೆಳಕ್ಕೆ ಉರುಳಿಬಿಡುತ್ತದೆ. ಅದಕ್ಕೆ ಟ್ಯಾಂಕರಿನಲ್ಲಿ ನೀರು ತುಂಬಿ, ಹುಲ್ಲುಬೀಜ, ಗೊಬ್ಬರ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆದು ಉಳಿದ ಸಿಪ್ಪೆಯ ಪುಡಿ, ನೆನೆಸಿ ರುಬ್ಬಿದ ರದ್ದಿ ಕಾಗದ, ಇವೆಲ್ಲ ಇಳಿಜಾರಿಗೆ ಕಚ್ಚಿ ಕೂರಲೆಂದು ಚವಳಿಕಾಯಿ ಬೀಜದ ಅಂಟಿನ ಪುಡಿ ಹಾಕಿ ಕಲಸುವುದು. ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂದು ಗುರುತು ಸಿಗಲು ಒಂದಿಷ್ಟು ಹಸಿರು ಬಣ್ಣ. ಆಮೇಲೆ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆದಂತೆ ಪಂಪು ಹಚ್ಚಿ ಪೈಪಿನಿಂದ ಎರಚುವುದು.

ವಸ್ತಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ನೋಡ್ರೆವ್ವಾ, ಸರಕಾರದವರು ಕಾಲುವಿಗೆ ಸಗಣಿ ಸಾರಿಸಾಕತ್ತಾರ!" ದುರಗಪ್ಪ ಮಾತ್ರ ನಗಲಿಲ್ಲ. ಮೊಣಕೈವರೆಗೆ ಹಸಿರಾದ ಕೈಯಲ್ಲಿ ಬೆರಕೆಯನ್ನು ಮುಟ್ಟಿ, ಬೆರಳ ನಡುವೆ ಎಳೆದು ನೋಡಿ, "ಇನ್ನೊಂದ ಮುಟಿಗಿ ಅಂಟು" ಎನ್ನುತ್ತಿದ್ದ. ಭೀಮಗೊಂಡ ಸಾಹೇಬರೂ ಅವನ ಕೈಯಳತೆಯನ್ನು ನಂಬತೊಡಗಿದ್ದರು. ಎಂಟು ದಿನದಲ್ಲಿ ಅರ್ಧ ಮೈಲು ಇಳಿಜಾರು ಹಸಿರು ಬಳಿದುಕೊಂಡು ಕೂತಿತು. ಕೊನೆಗೆ ಉಳಿದದ್ದು ಮಸಣದ ಮಗ್ಗಲು, ಆ ಮಗ್ಗಲಿನಲ್ಲೂ ಕಟ್ಟಕಡೆಗೆ ಸುಗಂಧಾಳ ಕೆಳಗಿನ ತುಂಡು. ಅಲ್ಲಿಗೆ ಬರುವಷ್ಟರಲ್ಲಿ ಅಂಟಿನ ಪುಡಿ ತೀರಿಹೋಯಿತು.

"ಮೂರ್ನಾಲ್ಕು ದಿನ ತಡಿ ದುರಗಪ್ಪ, ಕೊಲ್ಹಾಪುರದಿಂದ ಮಾಲು ಬರತೈತಿ" ಎಂದು ಹೇಳಿ ಸಾಹೇಬರು ಜೀಪು ಹತ್ತಿದರು.

ಪಡುವಣದಲ್ಲಿ ಮೋಡ ಏಳುತ್ತಿತ್ತು. ದುರಗಪ್ಪನಿಗೆ ತಡೆಯುವ ಜೀವವಿರಲಿಲ್ಲ. ಕಬ್ಬಿನ ಸೀಮೆಯವನಿಗೆ ಅಂಟು ಎಂದೊಡನೆ ಏನು ನೆನಪಾಗಬೇಕೋ ಅದೇ ನೆನಪಾಯಿತು. ಸೈಕಲ್ ತುಳಿದು ಧರೆಪ್ಪ ಸಾವಕಾರರ ಗಾಣದ ಮನೆಗೆ ಹೋದ. ಅಲ್ಲಿ ಮೂಲೆಯಲ್ಲಿ ದನಗಳ ಮೇವಿಗೆ ಬೆರೆಸಲೆಂದು ಇಟ್ಟ ಕಾಕಂಬಿಯ ಡಬ್ಬಿಗಳಿದ್ದವು, ಸಕ್ಕರೆ ತೆಗೆದು ಉಳಿದ ಸಿಹಿ ಪಾಕ, ಕಪ್ಪಗೆ, ಕೋಲು ಅದ್ದಿ ಎತ್ತಿದರೆ ಹಗ್ಗದಂತೆ ಇಳಿಯುವಂಥದ್ದು.

"ಒಯ್ಯಪಾ, ಸರಕಾರದ ಕೆಲಸಕ್ಕ ಯಾಕ ಬ್ಯಾಡ ಅನ್ಲಿ?" ಎಂದರು ಧರೆಪ್ಪ. ಸರಕಾರದ ಕೆಲಸವಲ್ಲ ಅಂತ ದುರಗಪ್ಪ ಹೇಳಲಿಲ್ಲ. ಎರಡು ಡಬ್ಬಿ ತಂದು, ಉಳಿದೆಲ್ಲದಕ್ಕಿಂತ ಹೆಚ್ಚು ಬೀಜ ಹಾಕಿ, ಧಾರಾಳವಾಗಿ ಕಾಕಂಬಿ ಸುರಿದು ಕಲಸಿದ. ಬೆರಕೆ ಎಂಥ ಚಂದ ಅಂಟುತ್ತಿತ್ತೆಂದರೆ ಸಾಹೇಬರ ಪುಡಿಯೂ ಹಾಗೆ ಅಂಟಿರಲಿಲ್ಲ. ಒಬ್ಬನೇ ಪಂಪು ಹಚ್ಚಿ, ಒಬ್ಬನೇ ಪೈಪು ಹಿಡಿದು, ಇಳಿಜಾರಿಗೆ ಎರಡು ಸಲ, ಮೇಲಿನ ಅಂಚಿಗೆ ಮೂರು ಸಲ ಹೊಡೆದ. ಆಮೇಲೆ ಸುಗಂಧಾಳ ಬಳಿ ಕೂತು, "ಇನ್ನ ಚಿಂತಿ ಬಿಡು" ಎಂದ.

ಮೂರನೆಯ ದಿನ ಇರುವೆಗಳು ಬಂದವು.

ಒಂದು ಸುದ್ದಿ ಇಲ್ಲೇ ಹೇಳಿಬಿಡಬೇಕು. ಅಕ್ಕುತಾಯಿ ಸೊಸೆಯಾಗಿ ಹೋದ ಮನೆತನದಲ್ಲಿ ಅಮಾವಾಸ್ಯೆಗೊಮ್ಮೆ ಇರುವೆ ಗೂಡಿನ ಬಾಯಿಗೆ ಜೋಳದ ಹಿಟ್ಟು, ಬೆಲ್ಲದ ಪುಡಿ ಹಾಕುವ ರೂಢಿ. ಸುಗಂಧಾ ಆ ರೂಢಿಯನ್ನು ಗಂಡನ ಮನೆಗೂ ತಂದಿದ್ದಳು. ಹಾಸಿಗೆ ಹಿಡಿದ ಮೇಲೂ ಅಮಾವಾಸ್ಯೆ ಬಂತೆಂದರೆ ಮುಷ್ಟಿ ಹಿಟ್ಟು ಕಟ್ಟಿ ಗಂಡನ ಕೈಲಿ ಕೊಟ್ಟು ಕಳಿಸುತ್ತಿದ್ದಳು. "ನನಗ ಚಾದಾಗ ಬೆಲ್ಲ ಕಡಿಮಿ, ಇರವಿಗೆ ಮಾತ್ರ ಹಬ್ಬದ ಊಟ" ಎಂದು ಅವನು ಕಾಡಿಸುತ್ತಿದ್ದ. "ಅವಕ್ಕ ನೆನಪಿರತೈತ್ರಿ, ನಿಮಗ ಇರೂದಿಲ್ಲ" ಎಂದು ಅವಳು ನಗುತ್ತಿದ್ದಳು.

ಈಗ ಅವಳ ತಲೆದೆಸೆಯಲ್ಲಿ, ಮೂರು ಹೆಜ್ಜೆ ನೆಲದ ತುಂಬ, ಇಳಿಜಾರಿನುದ್ದಕ್ಕೂ ಸಾಲುಸಾಲು ಇರುವೆ. ಯಾರು ಮರೆತರೂ ಇವು ಮರೆಯಲಿಲ್ಲವಲ್ಲ ಎಂದು ದುರಗಪ್ಪ ಅಲ್ಲಿ ಕೂತು ಅತ್ತ. ಮನೆಗೆ ಓಡಿ ಅಕ್ಕುತಾಯಿಯನ್ನು ಕರೆತಂದು ತೋರಿಸಿದ. ಮುದುಕಿಯೂ ಕೈಮುಗಿದಳು.

ಭೀಮಗೊಂಡ ಸಾಹೇಬರು ಮರುದಿನ ಬಂದವರು ಇರುವೆ ಕಂಡು ಹುಬ್ಬು ಗಂಟಿಕ್ಕಿದರು. "ಏನು ಹಾಕೀದಿ ಇದಕ್ಕ? ಬ್ಯಾರೆ ಕಡೆ ಇಷ್ಟಿಲ್ಲಲ್ಲ. ದುರಗಪ್ಪ, ಇರವಿ ಪುಡಿ ಹೊಡಿ. ಎಲ್ಲಾ ಕಡೆ ಹೊಡಿ, ಇಲ್ಲಿ ಎರಡು ಸಲ ಹೊಡಿ."

"ಹೂಂನ್ರಿ ಸಾಹೇಬ್ರ" ಎಂದ ದುರಗಪ್ಪ. ಅರ್ಧ ಮೈಲು ಇಳಿಜಾರಿಗೆ ಇರುವೆ ಪುಡಿ ಚೆಲ್ಲಿದ. ಸುಗಂಧಾಳ ತುಂಡಿಗೆ ಬಂದಾಗ ಮುಷ್ಟಿಯಲ್ಲಿದ್ದ ಪುಡಿ ಮುಷ್ಟಿಯಲ್ಲೇ ಉಳಿಯಿತು. ಅವಳು ಉಣಿಸಿದ ಜೀವಗಳನ್ನು ಅವಳ ಎದೆಯ ಮೇಲೆ ಕೊಲ್ಲುವುದು ಹೇಗೆ? ಪುಡಿಯನ್ನು ದೂರ ತಿಪ್ಪೆಯ ಬದಿಗೆ ಕೊಡವಿ, ಕೈ ತೊಳೆದುಕೊಂಡು ಮನೆಗೆ ಹೋದ.

ಟ್ಯಾಂಕರಿನ ನೀರು ಕುಡಿಯುತ್ತ ಹತ್ತನೆಯ ದಿನಕ್ಕೆ ಇಡೀ ಇಳಿಜಾರು ಮೊಳಕೆ ಒಡೆಯಿತು. ಸೂಜಿಯಷ್ಟು ಸಣ್ಣ ಹಸಿರು, ಬಣ್ಣದ ಹಸಿರಲ್ಲ, ಜೀವದ್ದು. ದುರಗಪ್ಪ ಅಂಚಿನ ಗುಂಟ ನಡೆಯುತ್ತ ಬಂದ. ರಾಜಾರಾಮನ ತಂದೆ ಇದ್ದ ಖಾಲಿ ಕುಣಿಯ ಕೆಳಗೂ ಹುಲ್ಲು. ಯಾರೂ ಉಳಿಯದ ಜಾಗಕ್ಕೂ ಹುಲ್ಲು. ಅವನ ತುಂಡು ಮಾತ್ರ ಬೋಳು. ಹನ್ನೆರಡನೆಯ ದಿನವೂ ಬೋಳು. ಕೂತು ಉಗುರಿನಿಂದ ಒಣಗಿದ ಪದರು ಕೆರೆದು ನೋಡಿದ. ಸಿಪ್ಪೆಯ ಪುಡಿ ಇತ್ತು, ಕಾಗದದ ಚೂರು ಇತ್ತು. ಬೀಜ ಒಂದೂ ಇರಲಿಲ್ಲ. ಇರುವೆಗಳ ಸಾಲಿನ್ನೂ ನಡೆದಿತ್ತು. ಬಗ್ಗಿ ನೋಡಿದರೆ ಒಂದೊಂದರ ಬಾಯಲ್ಲೂ ಒಂದೊಂದು ಹುಲ್ಲುಬೀಜ. ಕಾಕಂಬಿಯ ವಾಸನೆ ಹಿಡಿದು ಬಂದವು ಸಿಹಿಯನ್ನೂ ತಿಂದು ಬೀಜವನ್ನೂ ಹೊತ್ತು, ಮಸಣ ದಾಟಿ ಮೇಲಿನ ಬಂಜರಿನ ಕಡೆ ಹೋಗುತ್ತಿದ್ದವು. ಎಂದಿನಿಂದ ಹೊರುತ್ತಿದ್ದವೋ ಏನೋ, ಅಷ್ಟು ದಿನವೂ ಅವನು ಕೈಮುಗಿದು ನೋಡುತ್ತ ನಿಂತಿದ್ದ.

ಟ್ಯಾಂಕರು ಅಷ್ಟೊತ್ತಿಗೆ ಅಥಣಿಯ ಕಡೆ ಕೆಲಸಕ್ಕೆ ಹೋಗಿತ್ತು. ಸಾಹೇಬರಿಗೆ ಹೇಳಲು ಅವನಿಗೆ ಮುಖವಿರಲಿಲ್ಲ. ಅಕ್ಕುತಾಯಿಗೆ ಹೇಳಲೇಬೇಕಾಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗುತ್ತಿತ್ತು. ಕುಡುಗೋಲು ಹಿಡಿದು ಎದ್ದು, "ನಡಿ, ಬದುವಿನ ಕರಕಿ ಕಿತ್ತಕೊಂಡು ಬರೂಣು" ಎಂದಳು. ಎರಡು ದಿನ ಅತ್ತೆ ಅಳಿಯ ಹೊಲದ ಬದುಗಳಿಂದ ಗರಿಕೆ ಬೇರು ಕಿತ್ತು ತಂದು, ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಒಂದೊಂದನ್ನೇ ಬೆರಳಿನಿಂದ ಒತ್ತಿ ನೆಟ್ಟರು.

"ಈಗ ಎಬ್ಬಿಸೂಣೇನಲೇ?" ಎಂದು ಎರಡನೆಯ ದಿನ ಸಂಜೆ ಅಕ್ಕುತಾಯಿ ಮೆಲ್ಲಗೆ ಕೇಳಿದಳು.

ದುರಗಪ್ಪ ತಲೆ ಬಗ್ಗಿಸಿ ಗರಿಕೆ ನೆಡುತ್ತ, "ನಾಳಿಗಿ ಎಬ್ಬಿಸೂಣ ಅತ್ತಿ" ಎಂದ. ಧೈರ್ಯ ಮಾಡಲು ಅವನಿಗೆ ಒಂದೇ ಒಂದು ದಿನ ಬೇಕಿತ್ತು.

ಆ ನಾಳೆಯ ಮಧ್ಯಾಹ್ನವೇ ಮೃಗದ ಮಳೆ ಹಿಡಿಯಿತು. ಹನಿಯಲ್ಲ, ಸುರಿದದ್ದು. ದುರಗಪ್ಪ ಹಾರೆ, ಬುಟ್ಟಿ, ಬಿಳಿ ಅರಿವೆ ಹಿಡಿದು ಓಡಿದ. ಹಿಂದೆ ರಾಜಾರಾಮ ಗೋಣಿಚೀಲ ಹೊತ್ತು ಬಂದ. ಎರಿ ನೆಲದ ಬಿರುಕುಗಳೆಲ್ಲ ನೀರು ಕುಡಿದು ಉಬ್ಬಿದ್ದವು. ನಿನ್ನೆ ನೆಟ್ಟ ಗರಿಕೆ ಒಂದೊಂದಾಗಿ ಕಳಚಿ ತೇಲಿ ಇಳಿಯುತ್ತಿತ್ತು. ಆಚೆ ಈಚೆ ಮೊಳೆತ ಇಳಿಜಾರು ಗೀರು ಬಿದ್ದರೂ ಹಿಡಿದು ನಿಂತಿತ್ತು.

ಅವನು ಸಮಾಧಿಯ ಹತ್ತಿರ ಹಾರೆ ಹಾಕುವುದಕ್ಕೂ ಕಾಲ ಕೆಳಗಿನ ನೆಲ ನಡುಗುವುದಕ್ಕೂ ಸರಿಹೋಯಿತು. ರಾಜಾರಾಮ ಅಂಗಿ ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಅವನೂ ಹೋಗುತ್ತಿದ್ದ. ಮೂರು ಹೆಜ್ಜೆ ನೆಲ, ಅದರ ಹಿಂದೆ ಸುಗಂಧಾಳ ನೆಲ, ಒಂದೇ ಸಲಕ್ಕೆ ಜಾರಿ ಕೆಳಗೆ ಬಿತ್ತು. ಕಾಲುವೆಗೆ ಇನ್ನೂ ನೀರು ಬಿಟ್ಟಿರಲಿಲ್ಲ, ಆದರೆ ಮಳೆಯ ರಾಡಿ ನೀರು ತುಂಬಿ ಹಳ್ಳದ ಕಡೆ ನುಗ್ಗುತ್ತಿತ್ತು. ಹಸಿರು ಸೀರೆಯ ಒಂದು ಸೆರಗು ಕಂಡಂತಾಯಿತು. ಅಥವಾ ಅದು ಯಾರದೋ ಇಳಿಜಾರಿನ ಹುಲ್ಲಿರಬಹುದು, ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ನೀರು ಇಳಿದ ಮೇಲೆ ನಾಲ್ಕು ದಿನ ಕೆಸರು ಜಾಲಾಡಿದರು. ಸಿಕ್ಕಿದ್ದು ಒಂದು ಬೆಳ್ಳಿಯ ಕಾಲುಂಗುರ, ಹಸಿರು ಬಳೆಯ ಎರಡು ಚೂರು. ಅಕ್ಕುತಾಯಿ ಅವನ್ನು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡಳು. "ನಿನ್ನ ಮ್ಯಾಲ ಬಿಟ್ಟಿದ್ನೆಲ್ಲೋ ದುರಗಾ" ಎಂದಳು, ಒಂದೇ ಸಲ. ಆಮೇಲೆ ಯಾವತ್ತೂ ಆ ಮಾತು ತೆಗೆಯಲಿಲ್ಲ. ಪಲ್ಯಕ್ಕೆ ಉಪ್ಪು ಹಾಕುತ್ತಿದ್ದಳು, ಮರೆತು ಮತ್ತೊಮ್ಮೆ ಹಾಕುತ್ತಿದ್ದಳು, ದುರಗಪ್ಪ ಉಣ್ಣುತ್ತಿದ್ದ. ಸಂಜೆಯ ವರದಿ ಒಪ್ಪಿಸಲು ಮಾತ್ರ ಅವನಿಗೆ ಎಲ್ಲೂ ಜಾಗವಿರಲಿಲ್ಲ.

ಶ್ರಾವಣದಲ್ಲಿ ಅರಿವೆಯ ಗಂಟನ್ನು ರಾಜಾರಾಮನ ತಂದೆಯ ಪಕ್ಕ ಹೂಳಲು ಇಬ್ಬರೂ ಮೇಲಿನ ಬಂಜರಿಗೆ ಹೋದರು. ಹುಲ್ಲುಕಡ್ಡಿ ಬೆಳೆಯದ ಗರಸು ನೆಲ ಅದು. ಅದರ ನಟ್ಟನಡುವೆ ಒಂದು ಇರುವೆ ಗೂಡು, ಅದರ ಬಾಯಿಯ ಸುತ್ತ ಬುಟ್ಟಿಯಷ್ಟಗಲ ಒತ್ತೊತ್ತಾಗಿ ಹುಲ್ಲು, ಮೊಣಕಾಲೆತ್ತರ. ಇರುವೆಗಳು ಹೊತ್ತು ತಂದು, ತಿಂದು ಮಿಕ್ಕಿ ಹೊರಗೆಸೆದ ಬೀಜವೆಲ್ಲ ಮಳೆಗೆ ಮೊಳೆತಿತ್ತು.

ದುರಗಪ್ಪ ಹುಚ್ಚು ಹಿಡಿದವನಂತೆ ಹೋಗಿ ಎರಡೂ ಕೈಯಲ್ಲಿ ಆ ಹುಲ್ಲನ್ನು ಹಿಡಿದು ಎಳೆದ. ಬರಲಿಲ್ಲ. ಕಾಲು ಊರಿ ಎಳೆದ. ಅಂಗೈ ಸೀಳಿತು, ಹುಲ್ಲು ಕದಲಲಿಲ್ಲ. ಅಲ್ಲೇ ಕುಸಿದು ಕೂತು, "ಅತ್ತಿ, ಹಿಡಿತೈತಿ ನೋಡ, ಖರೇನ ಹಿಡಿತೈತಿ" ಎಂದು ಗಟ್ಟಿಯಾಗಿ ಅಳತೊಡಗಿದ.

ಅಕ್ಕುತಾಯಿ ಅವನ ಕೈಯನ್ನು ಹುಲ್ಲಿನಿಂದ ಬಿಡಿಸಿದಳು. ರಕ್ತವನ್ನು ಸೆರಗಿನಿಂದ ಒರೆಸಿದಳು. ಅವತ್ತು ಅಮಾವಾಸ್ಯೆ. ಸೊಂಟದ ಚೀಲದಿಂದ ಹಿಟ್ಟು ಬೆಲ್ಲ ತೆಗೆದು, ಸ್ವಲ್ಪ ಹೊತ್ತು ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಬಗ್ಗಿ ಗೂಡಿನ ಬಾಯಿಗೆ ಹಾಕಿ, "ನಡಿ, ಹೊತ್ತಾತು" ಎಂದಳು.